ಕಬ್ಬು ನಿಂತೈತಿ, ಬರ್ತೇವ್ರಿ

ಯಾವ ದೇಶದ ವೀಸಾ ಅರ್ಜಿಯನ್ನಾದರೂ ಬಿಡಿಸಿ ನೋಡಿ, ಪುಟಗಟ್ಟಲೆ ಪ್ರಶ್ನೆಗಳ ಹಿಂದೆ ಅಡಗಿ ಕೂತಿರುವ ಪ್ರಶ್ನೆ ಒಂದೇ: ಬಂದವರು ತಿರುಗಿ ಹೋಗುತ್ತೀರೋ ಇಲ್ಲವೋ? ನಮ್ಮ ಕಡೆ ಮನೆಗೆ ಬಂದ ಬೀಗರಿಗೆ ಇದನ್ನೇ ಮೂರನೆಯ ದಿನ, ಅದೂ ಸುತ್ತುಬಳಸಿ, ‘ನಿಮ್ಮೂರಾಗ ಮಳಿ ಹೆಂಗರಿ?’ ಎಂದು ಕೇಳುತ್ತಾರೆ. ಪರದೇಶದವರು ಹೊಸ್ತಿಲಾಚೆಯೇ ನಿಲ್ಲಿಸಿ ಕೇಳುತ್ತಾರೆ. ಅಮೆರಿಕದ ವಲಸೆ ಕಾಯ್ದೆಯ 214(ಬಿ) ಕಲಮಿನ ಪ್ರಕಾರ ಪ್ರವಾಸಿ ವೀಸಾ ಕೇಳಿದವರೆಲ್ಲ ಅಲ್ಲೇ ಬೇರುಬಿಡಲು ಹೊರಟವರು. ಹಾಗಲ್ಲ ಎಂದು ಸಾಬೀತು ಮಾಡುವ ಹೊಣೆ ಅರ್ಜಿ ಹಾಕಿದವರದು. ಯುರೋಪಿನ ಶೆಂಗೆನ್ ನಿಯಮ ಇಷ್ಟು ಬಿರುಸಾಗಿ ಮಾತಾಡುವುದಿಲ್ಲ, ಆದರೆ ಅವಧಿ ಮುಗಿಯುವುದರೊಳಗೆ ಜಾಗ ಖಾಲಿ ಮಾಡುವ ಮನಸ್ಸಿದೆಯೇ ಎಂದು ಅಧಿಕಾರಿ ಪರೀಕ್ಷಿಸಲೇಬೇಕು. ಈ ಪ್ರಶ್ನೆಗೆ ಭೂಮಂಡಲದಲ್ಲೇ ಗಟ್ಟಿಯಾದ ಉತ್ತರ ಇರುವುದು ಗೋಕಾಕ ಕಡೆಯ ಕೌಜಲಗಿ ಸೀಮೆಯ ಕಬ್ಬಿನ ರೈತನ ಬಳಿ ಎಂಬುದು ನನ್ನ ವಾದ. ಅವನಷ್ಟು ಖಾತ್ರಿಯಾಗಿ ಮನೆಗೆ ಮರಳುವ ಪ್ರವಾಸಿ ಇನ್ನೊಬ್ಬನಿಲ್ಲ. ಆದರೆ ವೀಸಾ ಸಲೀಸಾಗಿ ಸಿಗುವುದು ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರಿಗೆ.

ಎಂಜಿನಿಯರನ್ನು ಊರಿಗೆ ಎಳೆಯುವಂಥದ್ದು ಏನಿದೆ? ಬಾಡಿಗೆ ಮನೆ, ಕಂತಿನ ಕಾರು, ನೋಟಿಸು ಕೊಟ್ಟರೆ ಮುಗಿಯುವ ನೌಕರಿ. ರೈತನ ಲೆಕ್ಕವೇ ಬೇರೆ. ಹೊಲದಲ್ಲಿ ಆಳೆತ್ತರದ ಕಬ್ಬು ನಿಂತಿದೆ. ನೀರಿನ ಪಾಳಿ ಇದೆ, ಅದು ಬರುವ ಹೊತ್ತಿಗೆ ಕರೆಂಟು ಇರುವುದಿಲ್ಲ, ಕರೆಂಟು ಬರುವ ಹೊತ್ತಿಗೆ ನಡುರಾತ್ರಿಯಾಗಿರುತ್ತದೆ. ಕಾರ್ಖಾನೆಯಿಂದ ಕಟಾವಿಗೆ ಪಾಳಿ ಬಂದ ದಿನ ಮಾಲೀಕ ಕಣ್ಣಿಗೆ ಬೀಳದಿದ್ದರೆ ಕಡಿಯುವ ಗ್ಯಾಂಗು ಪಕ್ಕದ ಹೊಲಕ್ಕೆ ಹೋಗಿಬಿಡುತ್ತದೆ. ಅವರು ಮತ್ತೆ ಬರುವುದರೊಳಗೆ ಕಬ್ಬು ಒಣಗಿ ತೂಕ ಇಳಿದಿರುತ್ತದೆ. ಸೊಸೈಟಿಯಲ್ಲಿ ಬೆಳೆಸಾಲವಿದೆ. ಇವೆಲ್ಲದರ ಮೇಲೆ ಎಮ್ಮೆ. ಕೆಲವು ಎಮ್ಮೆಗಳು ಒಡತಿಯ ಕೈ ಬಿಟ್ಟು ಬೇರೆ ಕೈಗೆ ತೊರೆ ಬಿಡುವುದಿಲ್ಲ. ಒಡತಿ ತವರಿಗೆ ಹೋದಾಗ ಅವಳ ಸೀರೆಯನ್ನು ತಲೆತುಂಬ ಹೊದ್ದು, ಮೀಸೆ ಕಾಣದಂತೆ ಸೆರಗು ಎಳೆದುಕೊಂಡು, ಉಸಿರು ಬಿಗಿಹಿಡಿದು ತಂಬಿಗೆ ಮುಂದಿಟ್ಟು ಕೂರುವ ಗಂಡಸರು ಈ ಸೀಮೆಯಲ್ಲಿ ಅಪರೂಪವೇನಲ್ಲ. ಎಮ್ಮೆ ಒಮ್ಮೆ ತಿರುಗಿ ನೋಡಿ, ಅನುಮಾನಿಸಿ, ಸೀರೆಯ ವಾಸನೆಗೆ ಸೋತು ಹಾಲು ಬಿಡುತ್ತದೆ. ಈ ನಾಟಕ ನಾಲ್ಕು ದಿನ ನಡೆದೀತು, ಸೀರೆ ಒಗೆಯುವ ತನಕ. ಗಂಡ ಹೆಂಡತಿ ಜೋಡಿಯಾಗಿ ಹನ್ನೆರಡು ದಿನ ಯುರೋಪಿಗೆ ಹೋದರೆ ಆ ಸೀರೆ ಹೊದೆಯುವವರು ಯಾರು? ಇಂಥ ಮನೆಯವರು ಪ್ಯಾರಿಸ್ಸಿನಲ್ಲಿ ತಲೆಮರೆಸಿಕೊಂಡು ಉಳಿಯುತ್ತಾರೆ ಎಂದು ನಂಬಲು ಬಹಳ ಕಲ್ಪನಾಶಕ್ತಿ ಬೇಕು. ಈ ನೆಲದ ಲೇಖಕರ ಚರಿತ್ರೆಯೂ ಇದನ್ನೇ ಹೇಳುತ್ತದೆ. ಗೋಕಾಕ ತಾಲೂಕಿನ ಮಲಾಮರಡಿಯ ಬಸವರಾಜ ಕಟ್ಟೀಮನಿ ರಷ್ಯಾ ನೋಡಿಕೊಂಡು ಬಂದು ಪುಸ್ತಕ ಬರೆದರು. ಹುಕ್ಕೇರಿ ತಾಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರರು ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿ ಬಂದರು. ಬಂದ ಮೇಲೂ ಬರೆದದ್ದು ತಮ್ಮ ಕಲ್ಪನೆಯ ಊರು ಶಿವಾಪುರದ ಕಥೆಯನ್ನೇ.

ಇಷ್ಟೊಂದು ಗೂಟಗಳಿಗೆ ಕಟ್ಟಿಸಿಕೊಂಡ ಮನುಷ್ಯನನ್ನು ವೀಸಾ ಕೌಂಟರಿನಲ್ಲಿ ಕೇಳುವುದು ಸಂಬಳದ ಚೀಟಿ. ಆದಾಯ ತೆರಿಗೆ ರಿಟರ್ನ್ ಇದೆಯೇ ಎನ್ನುತ್ತಾರೆ. ಕೃಷಿ ಆದಾಯಕ್ಕೆ ನಮ್ಮ ದೇಶದಲ್ಲಿ ಆದಾಯ ತೆರಿಗೆ ಇಲ್ಲ, ಆದ್ದರಿಂದ ಹೊಲವೊಂದನ್ನೇ ನಂಬಿದವನ ಮನೆಯಲ್ಲಿ ರಿಟರ್ನಿನ ಕಾಗದವೂ ಇಲ್ಲ. ಬ್ಯಾಂಕಿನ ಸ್ಟೇಟ್‌ಮೆಂಟ್ ಕೊಟ್ಟರೆ ಇನ್ನೂ ಅನಾಹುತ. ತಿಂಗಳಾನುಗಟ್ಟಲೆ ಖಾತೆಯಲ್ಲಿ ಎರಡು ಸಾವಿರ ಆಡುತ್ತಿರುತ್ತದೆ, ಒಂದು ದಿನ ಇದ್ದಕ್ಕಿದ್ದಂತೆ ಕಬ್ಬಿನ ಬಿಲ್ಲು ಲಕ್ಷಗಳಲ್ಲಿ ಬಂದು ಬೀಳುತ್ತದೆ. ವೀಸಾ ಅಧಿಕಾರಿಗೆ ಕಲಿಸಿಕೊಟ್ಟ ಪಾಠದಲ್ಲಿ ಇದಕ್ಕೆ ಒಂದೇ ಅರ್ಥ: ತೋರಿಸಲೆಂದು ಯಾರ ಬಳಿಯೋ ಕೈಗಡ ತಂದು ತುಂಬಿದ ದುಡ್ಡು. ಬಿಲ್ಲು ತಡವಾಗಿ ಬಂತೆಂದು ವರ್ಷವಿಡೀ ಜಗಳಾಡಿದವನಿಗೆ ಅದು ಬಂದದ್ದೇ ತಪ್ಪಾಯಿತು. ಹೊಲದ ಉತಾರ ತೋರಿಸೋಣವೆಂದರೆ ಅದರಲ್ಲಿ ತೀರಿಹೋದ ಅಜ್ಜನ ಹೆಸರು, ಮಾತು ಬಿಟ್ಟ ಕಾಕಾನ ಹೆಸರು, ಮದುವೆಯಾಗಿ ಹೋದ ಅತ್ತೆಯಂದಿರ ಹೆಸರು ಎಲ್ಲ ಇವೆ; ಅರ್ಜಿದಾರನ ಹೆಸರು ಹುಡುಕಬೇಕು. ಕೊನೆಗೆ ಬೆರಳಚ್ಚು. ಘಟಪ್ರಭಾದಲ್ಲಿ ರಾಣಿ ಚೆನ್ನಮ್ಮ ರೈಲು ಹತ್ತಿ, ರಾತ್ರಿಯಿಡೀ ಕುಲುಕಿಸಿಕೊಂಡು ಬೆಂಗಳೂರು ಮುಟ್ಟಿ, ಗಾಜಿನ ಮೇಲೆ ಹತ್ತೂ ಬೆರಳು ಒತ್ತಿದರೆ ಯಂತ್ರ ‘ಮತ್ತೊಮ್ಮೆ’ ಎನ್ನುತ್ತದೆ. ಕಬ್ಬಿನ ರವದಿ ಎಳೆದೆಳೆದು, ಸಲಿಕೆ ಹಿಡಿದು ಸವೆದ ಬೆರಳುಗಳಲ್ಲಿ ಗೆರೆ ಎಲ್ಲಿಂದ ಬರಬೇಕು? ಈ ಮನುಷ್ಯ ಹೊಲವನ್ನು ಬಿಟ್ಟಿರಲಾರ ಎಂಬುದಕ್ಕೆ ಅದಕ್ಕಿಂತ ದೊಡ್ಡ ದಾಖಲೆ ಇನ್ನೊಂದಿಲ್ಲ. ಯಂತ್ರ ಅದನ್ನು ದೋಷವೆಂದು ಬರೆದುಕೊಳ್ಳುತ್ತದೆ. ಹೆಸರಿನ ವಿಷಯದಲ್ಲಿ ಮಾತ್ರ ನಮ್ಮವರಿಗೆ ತೊಂದರೆಯಿಲ್ಲ. ಮೈಸೂರು ಕಡೆಯವರು ಇನಿಷಿಯಲ್ ಬಿಡಿಸಿ ಬರೆಯಲು ಒದ್ದಾಡುವಾಗ ಇವರು ಅಡ್ಡಹೆಸರಿನ ಕಾಲಮ್ಮಿನಲ್ಲಿ ಊರನ್ನೇ ತುಂಬುತ್ತಾರೆ. ಸವಣೂರಿನಲ್ಲಿ ಹುಟ್ಟಿದ ಕವಿ ವಿನಾಯಕರು 1936ರಲ್ಲಿ ಆಕ್ಸ್‌ಫರ್ಡಿಗೆ ಓದಲು ಹೋದಾಗ ಅಲ್ಲಿನ ದಾಖಲೆಗೆ ಸೇರಿದ್ದು ಗೋಕಾಕ. ಊರು ಕೂತಲ್ಲೇ ಕೂತು ಸಮುದ್ರ ದಾಟಿತು.

ಅಧಿಕಾರಿಯ ಅನುಮಾನ ಸುಳ್ಳೇನಲ್ಲ, ಪ್ರವಾಸದ ವೀಸಾದಲ್ಲಿ ಹೋಗಿ ಅಲ್ಲೇ ಮಾಯವಾದವರು ಇದ್ದಾರಲ್ಲ ಎಂದು ಯಾರಾದರೂ ಕೇಳಬಹುದು. ಇದ್ದಾರೆ, ಅಲ್ಲಗಳೆಯುವುದಿಲ್ಲ. ಆದರೆ ಮಾಯವಾಗಬೇಕೆಂದು ಹೊರಟವನು ಮೊದಲು ಮಾಡಿಕೊಳ್ಳುವುದೇ ಕಾಗದವನ್ನು. ಸಂಬಳದ ಚೀಟಿ, ರಿಟರ್ನ್, ಹೋಟೆಲಿನ ಬುಕಿಂಗು, ಎಲ್ಲ ಅವನ ಬಳಿ ಲಗ್ನಪತ್ರಿಕೆಗಿಂತ ಚೆಂದವಾಗಿ ಇರುತ್ತವೆ. ಕಾಗದ ಕೇಳುವ ಪದ್ಧತಿ ಹಿಡಿಯುವುದು ಕಾಗದವಿಲ್ಲದವನನ್ನೇ ಹೊರತು ಮನಸ್ಸಿನಲ್ಲಿ ಮೋಸ ಇಟ್ಟುಕೊಂಡವನನ್ನಲ್ಲ. ದುಡ್ಡಿನ ಅಗತ್ಯ ಬಿದ್ದಾಗ ಈ ಪ್ರಶ್ನೆ ತಾನಾಗಿ ಕರಗುವುದೂ ಉಂಟು: ಪ್ರವಾಸಿಗರನ್ನೇ ನೆಚ್ಚಿಕೊಂಡ ಥಾಯ್ಲೆಂಡ್ 2023ರ ನವೆಂಬರಿನಿಂದ ನಮ್ಮವರನ್ನು ವೀಸಾ ಇಲ್ಲದೆಯೇ ಬಿಟ್ಟುಕೊಳ್ಳಲು ಶುರುಮಾಡಿತು. ನೇಪಾಳಕ್ಕಂತೂ ಓಟಿನ ಚೀಟಿ ಸಾಕು. ಆ ದೇಶಗಳು ಭಾರತೀಯರು ತುಂಬಿಕೊಂಡು ಮುಳುಗಿಹೋದ ಸುದ್ದಿಯಿಲ್ಲ.

ರೈತನಿಗೆ ಇಷ್ಟು ದುಡ್ಡು ಎಲ್ಲಿಂದ ಎಂಬ ಆಕ್ಷೇಪಣೆಗೆ ಟನ್ನಿನ ಲೆಕ್ಕದಲ್ಲೇ ಉತ್ತರಿಸಬೇಕು, ಏಕೆಂದರೆ ಈ ಸೀಮೆಯಲ್ಲಿ ಡಾಲರು ಯೂರೋಗಳಿಗಿಂತ ನಂಬಿಕೆಯ ನಾಣ್ಯ ಅದೇ. 2025ರ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ರಸ್ತೆಯಲ್ಲಿ ಕೂತರು, ಮಾತುಕತೆ 3,300ಕ್ಕೆ ನಿಂತಿತು. ಆ ದರದಲ್ಲಿ ನೋಡಿದರೆ 90 ಯೂರೋದ ಶೆಂಗೆನ್ ವೀಸಾ ಶುಲ್ಕವೆಂದರೆ ಹತ್ತಿರಹತ್ತಿರ ಮೂರು ಟನ್ ಕಬ್ಬು. ವೀಸಾ ಸಿಗಲಿ ಬಿಡಲಿ, ಕಬ್ಬು ಹೋದ ಹಾಗೆ. ತಲೆಗೆ ಮೂರು ಲಕ್ಷದ ಯುರೋಪ್ ಪ್ಯಾಕೇಜು ತೊಂಬತ್ತು ಟನ್ನು, ಅಂದರೆ ಎರಡು ಎಕರೆಗೂ ಮಿಕ್ಕಿದ ಫಸಲು. ಸ್ವಿಟ್ಜರ್ಲೆಂಡಿನ ಯುಂಗ್‌ಫ್ರೌ ಬೆಟ್ಟಕ್ಕೆ, 3,454 ಮೀಟರ್ ಎತ್ತರದ ತನಕ, 1912ರಿಂದ ರೈಲು ಹತ್ತುತ್ತದೆ. ಬುಡದ ಊರಿನಿಂದ ಹೋಗಿಬರುವ ಪೂರ್ತಿ ಟಿಕೆಟ್ಟು 200 ಫ್ರಾಂಕಿನ ಮೇಲೆ, ಅಂದರೆ ಆರು ಟನ್ನಿಗೂ ಮಿಕ್ಕಿದ ಕಬ್ಬು ಹಿಮ ನೋಡಿದ್ದಕ್ಕೆ. ದುಬಾರಿ ಎನ್ನಿ, ಒಪ್ಪುತ್ತೇನೆ. ಆದರೆ ಇದೇ ಸೀಮೆಯಲ್ಲಿ ಮಗಳ ಮದುವೆಗೆ ಇದರ ಮೂರುಪಟ್ಟು ಕಬ್ಬನ್ನು ಒಂದೇ ದಿನದಲ್ಲಿ ಊಟಕ್ಕೆ ಬಡಿಸುತ್ತಾರೆ, ಆಗ ಯಾರೂ ಆದಾಯದ ಮೂಲ ಕೇಳುವುದಿಲ್ಲ.

ಹಳ್ಳಿಯವರು ಅಲ್ಲಿ ಹೋಗಿ ನೋಡುವುದಾದರೂ ಏನು ಎಂಬುದು ಪಟ್ಟಣದವರ ಆಕ್ಷೇಪಣೆ, ಮತ್ತು ನನಗೆ ಬಹಳ ಪ್ರಿಯವಾದದ್ದು. ಪಟ್ಟಣದವರು ನೋಡುವುದು ಏನು? ಸಿನಿಮಾದಲ್ಲಿ ಆಗಲೇ ನೋಡಿದ್ದನ್ನು. ಸ್ವಿಟ್ಜರ್ಲೆಂಡಿನ ಹುಲ್ಲುಗಾವಲು ಅವರಿಗೆ ಹಾಡಿನ ಹಿನ್ನೆಲೆ. ರೈತನಿಗೆ ಅದು ಮೇವು. ಆ ಇಳಿಜಾರಿನಲ್ಲಿ ಹುಲ್ಲು ಕೊಯ್ಯುವ ಯಂತ್ರ ಮಗುಚಿ ಬೀಳದೆ ಹೇಗೆ ಓಡುತ್ತದೆ, ಮಳೆ ಬಂದರೆ ಬಣವೆ ಎಲ್ಲಿ, ಆಕಳು ಎಷ್ಟು ಹಾಲು ಕೊಡುತ್ತದೆ, ಡೇರಿಯವರು ಫ್ಯಾಟಿಗೆ ಎಷ್ಟು ಕಟ್ಟುತ್ತಾರೆ, ಇವೆಲ್ಲ ಪ್ರಶ್ನೆಗಳು ಅವನಲ್ಲೇ ಏಳುವುದು. ಶರತ್ಕಾಲದಲ್ಲಿ ಆಲ್ಪ್ಸ್ ಬೆಟ್ಟದ ಮೇವು ಮುಗಿದಾಗ ಅಲ್ಲಿನವರು ಆಕಳುಗಳಿಗೆ ಹೂವಿನ ಕಿರೀಟ ಕಟ್ಟಿ, ಕೊರಳಿಗೆ ಕೊಡದಷ್ಟು ದೊಡ್ಡ ಗಂಟೆ ಹಾಕಿ ಮೆರವಣಿಗೆಯಲ್ಲಿ ಕೆಳಗಿಳಿಸುತ್ತಾರೆ. ಕಾರಹುಣ್ಣಿಮೆಯ ದಿನ ಎತ್ತಿನ ಕೋಡಿಗೆ ಬಣ್ಣ ಹಚ್ಚಿದವನಿಗೆ ಅದನ್ನು ಗೈಡು ವಿವರಿಸಬೇಕಾಗಿಲ್ಲ. ನೆದರ್‌ಲ್ಯಾಂಡ್ಸಿಗೆ ಎಲ್ಲರೂ ಟುಲಿಪ್ ಹೂವಿಗಾಗಿ ಹೋಗುತ್ತಾರೆ. ನಮ್ಮ ಕೊಟ್ಟಿಗೆಗಳ ಎಚ್ಎಫ್ ಆಕಳಿನ ತವರು ಆ ದೇಶದ ಫ್ರೀಸ್‌ಲ್ಯಾಂಡ್ ಕಡೆ. ಜರ್ಸಿ ಆಕಳಂತೂ ಇಂಗ್ಲಿಷ್ ಕಾಲುವೆಯ ನಡುಗಡ್ಡೆಯದು. ದಿನಾ ಸಗಣಿ ಬಳಿದ ದನದ ತವರುಮನೆ ನೋಡಿ ಬರುವ ಹಕ್ಕು ಬಳಿದವನಿಗಲ್ಲದೆ ಯಾರಿಗಿದೆ?

ಇದರ ಹಿಂದೆಯೇ ಬರುವ ಮಾತು, ಮನೆಬಾಗಿಲಲ್ಲಿ ಗೋಕಾಕ ಫಾಲ್ಸ್ ಇಟ್ಟುಕೊಂಡು ನಯಾಗರಾಕ್ಕೆ ಯಾಕೆ ಹೋಗಬೇಕು ಎಂಬುದು. ಎತ್ತರದಲ್ಲಿ ವ್ಯತ್ಯಾಸ ಅಷ್ಟೇನಿಲ್ಲ, ನಮ್ಮದು 52 ಮೀಟರ್, ಅವರ ಕುದುರೆಲಾಳದ ಜಲಪಾತ ಸುಮಾರು 57. ನಮ್ಮದೂ ಕುದುರೆಲಾಳದ ಆಕಾರದ್ದೇ. ಆದರೆ ನಯಾಗರಾದಲ್ಲಿ ನಿಜವಾಗಿ ನೋಡಬೇಕಾದದ್ದು ಫೋಟೋದಲ್ಲಿ ಬರುವುದಿಲ್ಲ. 1950ರಲ್ಲಿ ಅಮೆರಿಕ, ಕೆನಡಾ ಒಪ್ಪಂದ ಮಾಡಿಕೊಂಡು, ಪ್ರವಾಸದ ಹಂಗಾಮಿನಲ್ಲಿ ಹಗಲು ಜಲಪಾತಕ್ಕೆ ಸೆಕೆಂಡಿಗೆ ಕಡಿಮೆಯೆಂದರೆ ಒಂದು ಲಕ್ಷ ಘನ ಅಡಿ, ರಾತ್ರಿ ಮತ್ತು ಚಳಿಗಾಲದಲ್ಲಿ ಐವತ್ತು ಸಾವಿರ ನೀರು ಬಿಡಬೇಕೆಂದು ಬರೆದುಕೊಂಡವು. ಮಿಕ್ಕದ್ದು ವಿದ್ಯುತ್ ಘಟಕಗಳಿಗೆ. ಹೊಲಕ್ಕೆ ನೀರು ಬಿಡುವಂತೆ ಜಲಪಾತಕ್ಕೂ ಪಾಳಿ! ಇದನ್ನು ಕೇಳಿದ ಪಟ್ಟಣದವನು ‘ಹೌದಾ’ ಎಂದು ಐಸ್‌ಕ್ರೀಮಿನ ಕಡೆ ತಿರುಗುತ್ತಾನೆ. ಕ್ಯೂಸೆಕ್ಕು, ಟಿಎಂಸಿಗಳಲ್ಲೇ ಮಳೆಗಾಲ ಕಳೆಯುವ ನಮ್ಮವನು ನಿಂತಲ್ಲೇ ಲೆಕ್ಕ ಹಾಕುತ್ತಾನೆ: ಲಕ್ಷ ಕ್ಯೂಸೆಕ್ ಒಂದೇ ಸಮನೆ ಬಂದರೆ 51 ಟಿಎಂಸಿಯ ಹಿಡಕಲ್ ಜಲಾಶಯ ಆರು ದಿನಕ್ಕೆ ತುಂಬುತ್ತದೆ. ಆರು ದಿನ! ಮರುಕ್ಷಣ ಅವನಿಗೆ ಹೊಳೆಯುವುದು, ರಾತ್ರಿ ಪಾಳಿಯ ಗೇಟು ಯಾರು ತಿರುಗಿಸುತ್ತಾರೆ, ಅವರಿಗೆ ಟೇಲ್-ಎಂಡಿನ ರೈತರು ಗಂಟುಬೀಳುತ್ತಾರೋ ಇಲ್ಲವೋ ಎಂಬುದು. ಗೋಕಾಕ ಫಾಲ್ಸಿನ ನೀರಿನ ಬಲದಿಂದ ಹತ್ತೊಂಬತ್ತನೆಯ ಶತಮಾನದಲ್ಲೇ ಗಿರಣಿ ಓಡಿಸಿದ ಊರಿನವನಿಗೆ ನಯಾಗರಾ ಅರ್ಥವಾದಷ್ಟು ಇನ್ನಾರಿಗೂ ಆಗುವುದಿಲ್ಲ.

ಭಾಷೆ ಬಾರದವರು ತಿರುಗಾಡುವುದು ಹೇಗೆ ಎಂಬುದು ಸುಲಭದ ಪ್ರಶ್ನೆ. ಯುಗಾದಿಗೆ ಮುಂಚೆ ಈ ಜಿಲ್ಲೆಗಳಿಂದ ಸಾವಿರಾರು ಜನ ಶ್ರೀಶೈಲಕ್ಕೆ ಕಂಬಿ ಹೊತ್ತು ನಡೆಯುತ್ತಾರೆ, ತೆಲುಗು ಬಾರದು. ಆಷಾಢದಲ್ಲಿ ಪಂಢರಪುರಕ್ಕೆ ದಿಂಡಿ ಹೋಗುತ್ತದೆ, ಮರಾಠಿ ಅಷ್ಟಕ್ಕಷ್ಟೆ. ನೆಲದ ಮೇಲೆ ಮಲಗುವುದು, ಸರದಿಯಲ್ಲಿ ತಾಸುಗಟ್ಟಲೆ ನಿಲ್ಲುವುದು, ಗುಂಪು ತಪ್ಪಿದರೆ ಇದ್ದಲ್ಲೇ ಕೂರುವುದು, ಮುಂದಿನವನ ಪತಾಕೆ ನೋಡಿಕೊಂಡು ಕಾಲು ಹಾಕುವುದು, ಇವಿಷ್ಟು ಬಂದರೆ ಗುಂಪು ಪ್ರವಾಸದ ವಿದ್ಯೆ ಮುಗಿಯಿತು; ಪತಾಕೆಯ ಬದಲು ಟೂರ್ ಮ್ಯಾನೇಜರಿನ ಬಣ್ಣದ ಕೊಡೆ. ರೋಮಿನ ಕಲ್ಲುಹಾಸಿನ ಮೇಲೆ ನಾಲ್ಕು ಮೈಲಿ ನಡೆದದ್ದಕ್ಕೆ ಮೊಣಕಾಲು ಹಿಡಿದು ಕೂರುವವರು ಜಿಮ್ಮಿಗೆ ದುಡ್ಡು ಕಟ್ಟಿದ ಪಟ್ಟಣದವರು. ಲಂಡನ್ನಿನಲ್ಲಿ ಥೇಮ್ಸ್ ದಂಡೆಯ ಬಸವಣ್ಣನ ಪ್ರತಿಮೆ, 2015ರ ನವೆಂಬರಿನಲ್ಲಿ ಅನಾವರಣಗೊಂಡದ್ದು, ಎದುರಾದಾಗಂತೂ ನಮ್ಮವರು ಚಪ್ಪಲಿ ಬಿಟ್ಟು ಕೈಮುಗಿಯುತ್ತಾರೆ. ಭಾಷಾಂತರದ ಪ್ರಶ್ನೆಯೇ ಬರುವುದಿಲ್ಲ.

ಊಟದ ವಿಷಯದಲ್ಲಿ ಮಾತ್ರ ನನ್ನ ವಾದ ಕೊಂಚ ಕುಂಟುತ್ತದೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಇಲ್ಲದೆ ಈ ಸೀಮೆಯವರು ಹೊಸ್ತಿಲು ದಾಟುವುದಿಲ್ಲ. ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಅದು ಸರಿ. ಆದರೆ ಕೈಚೀಲದ ತುಪ್ಪ 2006ರಿಂದೀಚೆಗೆ ಹೆಚ್ಚಿನ ವಿಮಾನ ನಿಲ್ದಾಣಗಳಲ್ಲಿ ನೂರು ಮಿಲಿಲೀಟರಿಗೇ ನಿಂತಿದೆ, ಆಸ್ಟ್ರೇಲಿಯಾದಲ್ಲಿ ತಿನ್ನುವ ಪದಾರ್ಥವನ್ನು ಹೇಳದೆ ಒಯ್ದರೆ ದಂಡ. ದುಬೈಗೆ ಹೋಗುವವರು ಗೋಕಾಕದ ಕರದಂಟು ಕಟ್ಟಿಸುವಾಗ ಕೇಳಿ ಕಟ್ಟಿಸುವುದು ಒಳ್ಳೆಯದು, ಏಕೆಂದರೆ ಕೆಲವರು ಅದಕ್ಕೆ ಗಸಗಸೆ ಹಾಕುತ್ತಾರೆ, ಆ ದೇಶದಲ್ಲಿ ಗಸಗಸೆ ಮಾದಕವಸ್ತು. ಬೀಗರಿಗೆ ಒಯ್ದ ಸಿಹಿ ಜೈಲಿಗೆ ಒಯ್ಯಬಹುದು. ತರುವ ಸಾಮಾನಿನ ಬಗ್ಗೆ ಮಾತ್ರ ಇವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕುಲಗೋಡ ತಮ್ಮಣ್ಣ ರೂಪ ಕೊಟ್ಟ, ಕೌಜಲಗಿ ನಿಂಗಮ್ಮ ಊರೂರು ಮೆರೆಸಿದ ಶ್ರೀಕೃಷ್ಣ ಪಾರಿಜಾತ ಆಟದ ತಿರುಳೇ ಅದು: ನಾರದ ದೇವಲೋಕದಿಂದ ಬರುವಾಗ ಒಂದೇ ಹೂವು ತಂದ, ಕೃಷ್ಣನ ಮನೆಯಲ್ಲಿ ಹೆಂಡತಿಯರು ಇಬ್ಬರು. ರಾತ್ರಿಯಿಡೀ ಆ ಆಟ ನೋಡಿ ಬೆಳೆದವರು ವಿಮಾನ ನಿಲ್ದಾಣದಲ್ಲಿ ಚಾಕೊಲೇಟಿನ ಡಬ್ಬಿಗಳನ್ನು ಓಣಿಯ ಮನೆಗಳ ಲೆಕ್ಕದಲ್ಲೇ ಕೊಳ್ಳುತ್ತಾರೆ.

ಹಾಗಾದರೆ ವೀಸಾ ಅರ್ಜಿಯಲ್ಲಿ ಮಾಡಬೇಕಾದ ತಿದ್ದುಪಡಿ ಸಣ್ಣದು. ಸಂಬಳದ ಕಾಲಮ್ಮಿನ ಕೆಳಗೆ ಇನ್ನೆರಡು ಸೇರಿಸಲಿ: ಹೊಲದಲ್ಲಿ ನಿಂತ ಬೆಳೆ ಯಾವುದು, ಎಮ್ಮೆ ಯಾರ ಕೈಗೆ ಹಾಲು ಕೊಡುತ್ತದೆ. ಸಂದರ್ಶನದಲ್ಲಿ ‘ಯಾವಾಗ ವಾಪಸ್ ಬರ್ತೀರಿ?’ ಎಂದರೆ ‘ಕಬ್ಬು ನಿಂತೈತ್ರಿ’ ಎಂಬಷ್ಟನ್ನು ಉತ್ತರವೆಂದು ಬರೆದುಕೊಳ್ಳಲಿ. ಹೀಗೆ ಬಿಟ್ಟರೆ ಇವರು ಅವಧಿ ಮೀರಿ ಉಳಿಯುತ್ತಾರೆ ಎಂಬ ಭಯ ಬೇಡ; ಇರುವ ತೊಂದರೆ ಅದಕ್ಕೆ ವಿರುದ್ಧವಾದದ್ದು. ನಾಲ್ಕನೆಯ ದಿನಕ್ಕೇ ಊರಿಗೆ ವಿಡಿಯೋ ಕಾಲ್ ಮಾಡಿ, ಮೊಮ್ಮಕ್ಕಳ ಮುಖ ಸರಿಸಿ ಎಮ್ಮೆಯನ್ನು ತೋರಿಸು ಎನ್ನುತ್ತಾರೆ, ಪಾಳಿ ತಪ್ಪಿತಾ ಎಂದು ಕೇಳುತ್ತಾರೆ, ಟೂರ್ ಮ್ಯಾನೇಜರಿನ ಬಳಿ ಹೋಗಿ ಟಿಕೆಟ್ಟಿನ ತಾರೀಖು ಹಿಂದೆ ಹಾಕಲು ಬರುತ್ತದೇನ್ರಿ ಎಂದು ವಿಚಾರಿಸುತ್ತಾರೆ. ಹಾಗೆ ಬದಲಿಸಲು ಎಷ್ಟು ಕಟ್ಟಬೇಕೆಂದು ಕೇಳಿ, ಅದು ಎಷ್ಟು ಟನ್ನಾಯಿತೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ ಮೇಲೆ, ಉಳಿದ ದಿನಗಳಲ್ಲಿ ತೋರಿಸಿದ್ದನ್ನೆಲ್ಲ ಸುಮ್ಮನೆ ನೋಡುತ್ತಾರೆ.