ಅಂಗನವಾಡಿಗೆ ಸೇರಿದ ತಾತ

ಊರ್ಡಿಗೆರೆಯ ನಮ್ಮ ಮನೆಯಲ್ಲಿ ಮೂರು ತುಂಬಿದ ಮೊಮ್ಮಗಳನ್ನು ಅಂಗನವಾಡಿಗೆ ಬಿಟ್ಟುಬರುವ ಕೆಲಸ ನಿವೃತ್ತನಾದ ನನ್ನ ಪಾಲಿಗೆ ಬಂದಿದೆ. ಬಿಡುವುದು ಸುಲಭ, ಬರುವುದೇ ಕಷ್ಟ. ನನ್ನ ಪಂಚೆಯ ಚುಂಗು ಅವಳ ಮುಷ್ಟಿಯಲ್ಲಿರುತ್ತದೆ. ಎಳೆದುಕೊಂಡರೆ ಮಾನ ಹೋಗುತ್ತದೆ, ಸುಮ್ಮನಿದ್ದರೆ ಹೊತ್ತು ಹೋಗುತ್ತದೆ. "ತಾತ, ನೀನೂ ಕೂತ್ಕೊ" ಎಂದು ಅಪ್ಪಣೆಯಾದರೆ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕುತ್ತೇನೆ. ಕೂರುವುದಕ್ಕೆ ಮಂಡಿ ಹೇಗೋ ಒಪ್ಪುತ್ತದೆ, ಏಳುವುದಕ್ಕೆ ಸುತರಾಂ ಒಪ್ಪುವುದಿಲ್ಲ. ಹಾಗಾಗಿ ನನ್ನ ವಿದ್ಯಾಭ್ಯಾಸ ಮುಂದುವರಿದಿದೆ.

1975ರ ಅಕ್ಟೋಬರ್ 2ರಂದು, ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುಮಾಡಿದವರು ಆರು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ಬಾಣಂತಿಯರು ಎಲ್ಲರನ್ನೂ ನೆನೆದರು; ಮಂಡಿನೋವಿನ ತಾತಂದಿರನ್ನು ಮಾತ್ರ ಮರೆತರು. ಕ್ಷೀರಭಾಗ್ಯದ ಹಾಲು ಲೋಟಕ್ಕೆ ಬೀಳುವಾಗ ನಾನು ಗೋಡೆಯ ಮೇಲಿನ ಆನೆಯ ಚಿತ್ರವನ್ನು ಬಲು ಆಸಕ್ತಿಯಿಂದ ನೋಡುತ್ತೇನೆ. ಮೊಟ್ಟೆಯಲ್ಲಿ ಮಾತ್ರ ನನಗೂ ಪಾಲುಂಟು: ಬಿಳಿಯದನ್ನು ತಿಂದು ಹಳದಿಯನ್ನು ಮೊಮ್ಮಗಳು ನನ್ನ ಜುಬ್ಬಾದ ಜೇಬಿಗೆ ಇಳಿಸುತ್ತಾಳೆ. ದೇವರಾಯನದುರ್ಗದ ಕಡೆಯ ಕೋತಿಯೊಂದು ಕಿಟಕಿಯಲ್ಲಿ ಇಣುಕಿತೋ, ಅಲ್ಲಿಗೆ ಪಾಠ ಮುಗಿಯಿತು. ಆನೆಯನ್ನು ಬಿಟ್ಟು ಎಲ್ಲರೂ ಕೋತಿಯ ಅಭ್ಯಾಸಕ್ಕೆ ತೊಡಗುತ್ತಾರೆ.

ಈಗ ಮನೆಯಲ್ಲಿ ಊಟಕ್ಕೆ ಕರೆದರೆ ಸೋಪು ಹಚ್ಚಿ ಕೈ ತೊಳೆದು, ಕೈಕಟ್ಟಿ ಕೂರುತ್ತೇನೆ. ಮದುವೆಯಾದಾಗಿನಿಂದ ತಾನು ಕಲಿಸಲಾಗದ್ದನ್ನು ಟೀಚರಮ್ಮ ಕಲಿಸಿದರಲ್ಲ ಎಂದು ನನ್ನಾಕೆ ಅವರಿಗೊಂದು ಹಲಸಿನ ಹಣ್ಣು ಕಳಿಸಿದ್ದಾಳೆ. ಮೊಮ್ಮಗಳು ಮಾತ್ರ ಇನ್ನೂ ಕೈ ತೊಳೆಯಲು ಒಪ್ಪಿಲ್ಲ.