ಒಂಟಿ ಹೊಟ್ಟೆಗೊಂದು ಸ್ಲೋ ಕುಕ್ಕರ್

ಬಿಟಿಎಂ ಲೇಔಟಿನ ಒಂಟಿ ಕೋಣೆಯಲ್ಲಿ ಪ್ರೆಶರ್ ಕುಕ್ಕರ್ ಕೂಗಿದರೆ, ಕೆಳಗಿನ ಓನರ್ ಆಂಟಿಗೆ ಇವತ್ತು ಬೇಳೆಯೋ ಕಾಳೋ ಎಂಬುದೂ ತಿಳಿಯುತ್ತದೆ. ಸ್ಲೋ ಕುಕ್ಕರ್ ಚಾಡಿ ಹೇಳುವುದಿಲ್ಲ. ಒಬ್ಬರಿಗೆ ಒಂದೂವರೆ ಲೀಟರಿನದು ಧಾರಾಳ. ಆರು ಲೀಟರಿನದು ತಂದಿರೋ, ಸೋಮವಾರದ ಹುಳಿ ಗುರುವಾರವೂ ಎದುರಿಗೆ ಕೂರುತ್ತದೆ. ಅರ್ಧಕ್ಕಿಂತ ಕಡಿಮೆ ತುಂಬಿದರೆ ತಳ ಸೀಯುತ್ತದೆ. ನೆನೆದ ಕಡಲೆಕಾಳು ಹಾಕಿ ಆಫೀಸಿಗೆ ಹೋದರೆ, ಸಿಲ್ಕ್ ಬೋರ್ಡ್ ದಾಟಿ ಮನೆ ಸೇರುವಷ್ಟರಲ್ಲಿ ಬೆಣ್ಣೆ. ಆ ಜಂಕ್ಷನ್ನಿನ ವೇಗಕ್ಕೆ ಹೊಂದುವ ಯಂತ್ರ ಇದೊಂದೇ!

ರಾಜ್ಮಾ ಮಾತ್ರ ನೇರ ಸುರಿಯಬೇಡಿ. ರಾತ್ರಿ ನೆನೆಸಿ, ನೀರು ಚೆಲ್ಲಿ, ಹೊಸ ನೀರಲ್ಲಿ 10 ನಿಮಿಷ ಕೊತಕೊತ ಕುದಿಸಿ. ಅದರ ನಂಜು ಮಂದ ಬಿಸಿಗೆ ಬಗ್ಗುವುದಿಲ್ಲ. ಒಗ್ಗರಣೆಗಂತೂ ಒಲೆಯೇ ಗತಿ. ನಡುವೆ ಗಂಟೆಗಟ್ಟಲೆ ಕರೆಂಟು ಹೋಗಿತ್ತೆಂದು ಗೊತ್ತಾದರೆ ಲೋಭ ಮಾಡದೆ ಚೆಲ್ಲಿಬಿಡಿ, ಜೆ.ಪಿ. ನಗರದ ದರ್ಶಿನಿಗಳಲ್ಲಿ ರಾತ್ರಿಯೂ ಇಡ್ಲಿ ಸಿಗುತ್ತದೆ.