‘ಡ್ರೈ ಕ್ಲೀನ್ ಓನ್ಲಿ’ ಎಂದು ಚೀಟಿ ಹೊಲಿಯುವವರಿಗೆ

ಹತ್ತಿ, ರೇಷ್ಮೆ, ಉಣ್ಣೆಯ ಬಟ್ಟೆ ಮಾರುವ ಮಾನ್ಯ ವ್ಯಾಪಾರಿಗಳೇ,

ನಿಮ್ಮ ಮಳಿಗೆಯಲ್ಲಿ ಇಳಕಲ್ ಸೀರೆ ತೆಗೆದುಕೊಂಡರೆ ಅಂಚಿನ ಒಳಮೂಲೆಯಲ್ಲೊಂದು ಚೀಟಿ ಇರುತ್ತದೆ. ಖಾದಿ ಅಂಗಿಯ ಕಾಲರಿನ ಕೆಳಗೂ ಅದೇ ಚೀಟಿ, ಗುಳೇದಗುಡ್ಡದ ಖಣದಲ್ಲಿ ಹೊಲಿದ ಕುರ್ತಾಕ್ಕೂ ಅದೇ: ‘ಡ್ರೈ ಕ್ಲೀನ್ ಓನ್ಲಿ’. ನೂಲು ಹತ್ತಿಯದೋ ರೇಷ್ಮೆಯದೋ, ಬಣ್ಣ ಗಟ್ಟಿಯೋ ಕಚ್ಚಾವೋ, ಜರಿ ಉಂಟೋ ಇಲ್ಲವೋ ಯಾವುದನ್ನೂ ನೋಡದೆ ಎಲ್ಲಕ್ಕೂ ಒಂದೇ ಮಾತು. ಆ ಚೀಟಿಯನ್ನು ಕಿತ್ತುಹಾಕಿ ಎಂದು ನಾನು ಕೇಳುತ್ತಿಲ್ಲ. ಅದರಲ್ಲಿ ನಿಜ ಬರೆಯಿರಿ ಎಂದು ಕೇಳುವುದಕ್ಕಾಗಿ ಈ ಪತ್ರ.

ಇಳಕಲ್ ಸೀರೆ ದುಡಿಯುವ ಹೆಣ್ಣುಮಕ್ಕಳ ಸೀರೆ. ಬಾಗಲಕೋಟೆ, ವಿಜಯಪುರ, ರಾಯಚೂರು ಸೀಮೆಯಲ್ಲಿ ಅದನ್ನುಟ್ಟೇ ಕಳೆ ತೆಗೆದರು, ರೊಟ್ಟಿ ಬಡಿದರು, ಸಂತೆಗೆ ಹೋಗಿಬಂದರು. ಹಳ್ಳದ ಕಲ್ಲಿನ ಮೇಲೆ ಒಗೆದು, ಹಿಂಡಿ, ಗಿಡದ ಮೇಲೆ ಒಣಹಾಕಿದರು. ಅದರ ಒಡಲು ಹತ್ತಿ, ಸೆರಗು ರೇಷ್ಮೆ. ಒಡಲಿನ ಹಾಸಿನ ಎಳೆಗೂ ಸೆರಗಿನ ಹಾಸಿನ ಎಳೆಗೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವ ಇಳಕಲ್ಲಿನವರ ಆ ಕಸುಬು ನೀರು ಕಂಡು ಹೆದರುವಂಥದ್ದಾಗಿದ್ದರೆ ಇಷ್ಟು ತಲೆಮಾರು ಬಾಳುತ್ತಿರಲಿಲ್ಲ. ಅಂಥ ಸೀರೆಗೆ ನೀರೇ ತಾಗಬಾರದು ಎಂದು ನೀವು ಬರೆದಾಗ, ನೇಯ್ದವರ ಕೆಲಸವನ್ನೇ ಅನುಮಾನಿಸಿದಂತಾಗುತ್ತದೆ.

ಇದರ ನಷ್ಟ ಮೊದಲು ತಟ್ಟುವುದು ನೇಕಾರರಿಗೆ. ಸೀರೆ ಉಟ್ಟಾಗಲೆಲ್ಲ ಡ್ರೈ ಕ್ಲೀನಿಂಗಿಗೆ ದುಡ್ಡು ಸುರಿಯಬೇಕೆಂದರೆ ಯಾರು ಉಟ್ಟಾರು? ಮದುವೆಗೊಮ್ಮೆ, ದೀಪಾವಳಿಗೊಮ್ಮೆ ಹೊರಗೆ ಬಂದು ಮತ್ತೆ ಬೀರು ಸೇರುತ್ತದೆ. ದಿನಾ ಉಡುವವರಿಗೆ ಇನ್ನೊಂದು ಬೇಕಾಗುತ್ತದೆ. ವರ್ಷಕ್ಕೊಮ್ಮೆ ಉಡುವವರಿಗೆ ಬೇಕಾಗುವುದಿಲ್ಲ. “ಕಾಟನ್ ಮೇಂಟೇನ್ ಮಾಡೋದು ಕಷ್ಟ ಕಣ್ರೀ” ಎನ್ನುತ್ತಾ ಪಾಲಿಯೆಸ್ಟರಿನ ಕಡೆ ಹೊರಳಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವರಿಗೆ ಆ ಮಾತು ಕಲಿಸಿದ್ದು ನಿಮ್ಮ ಚೀಟಿ.

ಡ್ರೈ ಕ್ಲೀನಿಂಗ್‌ನಲ್ಲಿ ಆಗುವುದೇನೆಂದು ಗಿರಾಕಿಗಳಿಗೆ ಯಾರೂ ಹೇಳುವುದಿಲ್ಲ. ಬಟ್ಟೆಯನ್ನು ನೀರಿನ ಬದಲು ರಾಸಾಯನಿಕ ದ್ರಾವಕವೊಂದರಲ್ಲಿ ತಿರುಗಿಸುತ್ತಾರೆ. ಜಗತ್ತಿನಾದ್ಯಂತ ಬಹುಕಾಲದಿಂದ ಬಳಕೆಯಲ್ಲಿರುವುದು ಪರ್ಕ್ಲೋರೋಎಥಿಲೀನ್. ಪೆಟ್ರೋಲಿಯಂ ಮೂಲದ ದ್ರಾವಕ ಬಳಸುವ ಅಂಗಡಿಗಳೂ ಇವೆ. ಎಣ್ಣೆ, ಜಿಡ್ಡು ತೆಗೆಯುವುದರಲ್ಲಿ ಇವುಗಳದ್ದು ಎತ್ತಿದ ಕೈ. ಆದರೆ ನಮ್ಮ ಸೆಕೆಗೆ ಬಟ್ಟೆಯಲ್ಲಿ ಸೇರುವುದು ಬೆವರು, ಬೆವರಿನ ಉಪ್ಪು ಕರಗುವುದು ನೀರಿನಲ್ಲಿ. ಕೆಲಸ ಬಲ್ಲವರು ಕಂಕುಳು, ಕೊರಳಪಟ್ಟಿಗೆ ಮೊದಲು ಕೈಯಿಂದ ಬೇರೆ ಉಪಚಾರ ಮಾಡುತ್ತಾರೆ. ಮಾಡದಿದ್ದರೆ ಉಪ್ಪು ನೂಲಿನಲ್ಲೇ ಉಳಿದು ರೇಷ್ಮೆಯನ್ನು ಮೆಲ್ಲಗೆ ತಿನ್ನುತ್ತದೆ. ಇನ್ನು ಆ ಪರ್ಕ್ಲೋರೋಎಥಿಲೀನನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ ಪಟ್ಟಿಗೆ ಸೇರಿಸಿದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಡ್ರೈ ಕ್ಲೀನಿಂಗ್‌ನಲ್ಲಿ ಅದರ ಬಳಕೆಯನ್ನು ಹತ್ತು ವರ್ಷಗಳಲ್ಲಿ ಹಂತಹಂತವಾಗಿ ಕೊನೆಗಾಣಿಸುವ ನಿಯಮವನ್ನು 2024ರ ಡಿಸೆಂಬರಿನಲ್ಲಿ ಹೊರಡಿಸಿತು. ಹತ್ತಿ ಅಂಗಿಯೊಂದನ್ನು ನೀವು ಅನಗತ್ಯವಾಗಿ ಅಲ್ಲಿಗೆ ಕಳಿಸಿದಾಗ, ಕಿಟಕಿಯಿಲ್ಲದ ಕೋಣೆಯಲ್ಲಿ ಯಂತ್ರದ ಮುಂದೆ ನಿಂತು ಆ ಗಾಳಿ ಉಸಿರಾಡುವ ಹುಡುಗನ ಲೆಕ್ಕವೂ ನಿಮ್ಮ ಚೀಟಿಗೆ ಸೇರುತ್ತದೆ.

ಹತ್ತಿಯ ವಿಷಯಕ್ಕೆ ಬರೋಣ. ಹತ್ತಿ ಎಂದರೆ ಸೆಲ್ಯುಲೋಸ್. ಒದ್ದೆಯಾದಾಗ ಅದರ ಎಳೆ ಇನ್ನಷ್ಟು ಬಲವಾಗುತ್ತದೆ, ಕ್ಷಾರವನ್ನೂ ತಾಳಿಕೊಳ್ಳುತ್ತದೆ. ನಮ್ಮ ಮಡಿವಾಳರು ಚೌಳು ಹಾಕಿ ಉಬ್ಬೆಗಿಟ್ಟು, ಬಂಡೆಗೆ ಬಡಿದು ಬೆಳ್ಳಗೆ ಮಾಡಿದ್ದು ಹತ್ತಿಯ ಪಂಚೆಗಳನ್ನೇ. ಇದು ಪುಸ್ತಕ ಓದಿ ಬಂದ ವಿದ್ಯೆಯಲ್ಲ, ಆದರೆ ರಸಾಯನಶಾಸ್ತ್ರದ ಲೆಕ್ಕಕ್ಕೂ ಸರಿಹೋಗುತ್ತದೆ. ಗಟ್ಟಿ ಬಣ್ಣದ ಹತ್ತಿ ಬಟ್ಟೆಯನ್ನು ಮನೆಯ ಮಷಿನ್ನಿಗೂ ಹಾಕಬಹುದು. ತಣ್ಣೀರು, ಸಣ್ಣ ಸುತ್ತು, ತೆಳು ಸೀರೆಯಾದರೆ ಜಾಲರಿ ಚೀಲವೊಂದಿದ್ದರೆ ಸಾಕು. ಮೊದಲ ಒಗೆತಕ್ಕೆ ತುಸು ಕುಗ್ಗುತ್ತದೆ, ನಿಜ. ಮಗ್ಗದ ಮೇಲೆ ಎಳೆದು ಬಿಗಿದ ನೂಲು ನೀರು ಕುಡಿದಾಗ ಸಡಿಲಗೊಂಡು ತನ್ನ ಸಹಜ ಅಳತೆಗೆ ಮರಳುವುದರಿಂದ ಹೀಗಾಗುತ್ತದೆ. ಆದ್ದರಿಂದ ಹೊಲಿಸುವ ಮುನ್ನ ಬಟ್ಟೆಯನ್ನು ನೀರಲ್ಲಿ ನೆನೆಸಿ ಒಣಗಿಸಬೇಕು. ಇದನ್ನು ನಮ್ಮ ಊರುಗಳ ಟೇಲರುಗಳು ಇವತ್ತಿಗೂ ಹೇಳುತ್ತಾರೆ. ಸಿದ್ಧ ಉಡುಪು ಹೊಲಿಸುವ ನೀವು ಅದನ್ನು ಮೊದಲೇ ಮಾಡಿಸಿದರೆ ಕುಗ್ಗುವ ಭಯವನ್ನು ಗಿರಾಕಿಯ ತಲೆಗೆ ಕಟ್ಟಬೇಕಾಗಿಲ್ಲ. ಊಟದ ಅರಿಶಿನದ ಕಲೆ ಸೋಪು ತಾಕಿದ ಕೂಡಲೇ ಕೆಂಪಾದರೆ ಗಾಬರಿ ಬೇಡ, ಅದು ಕ್ಷಾರಕ್ಕೆ ಅರಿಶಿನ ಕೊಡುವ ಬಣ್ಣ. ಚೆನ್ನಾಗಿ ಜಾಲಿಸಿ ಬಿಸಿಲಿಗೆ ಹಾಕಿದರೆ ಮಾಸಿಹೋಗುತ್ತದೆ.

ರೇಷ್ಮೆ, ಉಣ್ಣೆಗಳ ಜಾತಿಯೇ ಬೇರೆ. ಎರಡೂ ಪ್ರೋಟೀನು, ನಮ್ಮ ತಲೆಗೂದಲಿನ ಬಳಗದವು. ತಲೆಗೆ ಹಾಕಲು ಹಿಂಜರಿಯುವುದನ್ನು ರೇಷ್ಮೆಗೂ ಹಾಕಬಾರದು. ಬಟ್ಟೆ ಒಗೆಯುವ ಬಹುಪಾಲು ಪುಡಿಗಳಲ್ಲಿ ವಾಷಿಂಗ್ ಸೋಡಾ ಇರುತ್ತದೆ, ಅದು ಪ್ರೋಟೀನಿಗೆ ಹಗೆ. ಕೆಲವು ಪುಡಿಗಳಲ್ಲಿ ರಕ್ತ, ಹಾಲು, ಮೊಟ್ಟೆಯ ಕಲೆ ತೆಗೆಯಲೆಂದು ಪ್ರೋಟೀನನ್ನು ಕತ್ತರಿಸುವ ಎಂಜೈಮ್ ಸೇರಿಸಿರುತ್ತಾರೆ. ಆ ಎಂಜೈಮಿಗೆ ಕಲೆ ಯಾವುದು, ಸೀರೆ ಯಾವುದು ಎಂಬ ಭೇದ ತಿಳಿಯದು, ಎರಡನ್ನೂ ಕತ್ತರಿಸುತ್ತದೆ. ಕ್ಲೋರಿನ್ ಬ್ಲೀಚಂತೂ ರೇಷ್ಮೆಯನ್ನು ಕರಗಿಸಿಯೇ ಬಿಡುತ್ತದೆ. ರೇಷ್ಮೆ ಹಾಳಾಯಿತೆಂದು ದೂರುವ ಹಲವರ ಮನೆಯಲ್ಲಿ ಆಗಿರುವುದು ಇದು. ಪಾಪ, ನೀರಿನ ಮೇಲೆ ಅಪವಾದ ಬಂದಿದೆ.

ಅಂಟುವಾಳಕಾಯಿ ಈ ಕೆಲಸಕ್ಕೆ ಹೇಳಿಮಾಡಿಸಿದ್ದು. ಬೀಜ ತೆಗೆದು ಸಿಪ್ಪೆಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಕಿವುಚಿ ಸೋಸಿದರೆ ನೊರೆ ಬರುವ ನೀರು ಸಿಗುತ್ತದೆ. ಅದರಲ್ಲಿರುವ ಸಪೋನಿನ್ ಕೊಳೆಯನ್ನು ಬಿಡಿಸುತ್ತದೆ, ಸೋಡಾದ ಹಾಗೆ ನೂಲನ್ನು ಕೊರೆಯುವುದಿಲ್ಲ. ತಣ್ಣೀರಲ್ಲಿ ಬೆರೆಸಿ ಸೀರೆಯನ್ನು ಮುಳುಗಿಸಿ ಎತ್ತಿ ಮಾಡಿ, ಎರಡು ಮೂರು ನೀರಲ್ಲಿ ಜಾಲಿಸಬೇಕು. ಹಿಂಡಬಾರದು, ರೇಷ್ಮೆ ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ. ದಪ್ಪ ಟವೆಲ್ಲಿನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಹರವಬೇಕು. ಅಚ್ಚ ಬಿಳಿ ರೇಷ್ಮೆಗೆ ಮಾತ್ರ ಅಂಟುವಾಳ ಬೇಡ, ಅದರ ಕಂದು ಬಣ್ಣ ಹತ್ತೀತು. ಉಣ್ಣೆ-ರೇಷ್ಮೆಗೆಂದೇ ಮಾರುವ ಸೌಮ್ಯ ದ್ರಾವಣ ಅದಕ್ಕೆ ಸರಿ. ಬೋರ್‌ವೆಲ್ಲಿನ ಗಡಸು ನೀರಿರುವಲ್ಲಿ ಸೋಪು ಕ್ಯಾಲ್ಸಿಯಂ ಜೊತೆ ಸೇರಿ ಬೂದು ಪೊರೆಯಾಗಿ ಬಟ್ಟೆಗೆ ಅಂಟುತ್ತದೆ, ರೇಷ್ಮೆಯ ಕಳೆ ಹೋಗುತ್ತದೆ. ಜರಿಯಿಲ್ಲದ ರೇಷ್ಮೆಯಾದರೆ ಕೊನೆಯ ನೀರಿಗೆ ಒಂದು ಚಮಚ ವಿನೆಗರ್ ಹಾಕಿ ಜಾಲಿಸಿದರೆ ಹೊಳಪು ಮರಳುತ್ತದೆ.

ಉಣ್ಣೆಗೆ ಕಾಡುವುದು ಬಿಸಿನೀರು ಮತ್ತು ತಿಕ್ಕಾಟ. ಅದರ ಎಳೆಯ ಮೈಮೇಲಿನ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡರೆ ಬಟ್ಟೆ ದಪ್ಪಗಟ್ಟಿ ಕುಗ್ಗುತ್ತದೆ, ಮತ್ತೆ ಬಿಡಿಸಲಾಗದು. ಚಳ್ಳಕೆರೆಯ ಕರಿ ಕಂಬಳಿಗೆ ಒಗೆತಕ್ಕಿಂತ ಹೆಚ್ಚಾಗಿ ಬೇಕಾದದ್ದು ಚೆನ್ನಾಗಿ ಕೊಡವುವುದು, ಗಾಳಿಗೆ ಹಾಕುವುದು.

ಇನ್ನು ಬಣ್ಣದ ಮಾತು. ನಿಮ್ಮೊಡನೆ ನನ್ನ ನಿಜವಾದ ಜಗಳ ಇರುವುದು ಇಲ್ಲಿ. ಒಗೆದಾಗ ಬಣ್ಣ ಬಿಟ್ಟೀತೆಂಬ ಭಯವೇ ನಿಮ್ಮ ಚೀಟಿಯ ಮೂಲ ಎಂದು ನನಗೆ ಗೊತ್ತು. ಕೆಂಪು ಸೆರಗು ಬಿಳಿ ಒಡಲಿಗೆ ಹತ್ತಿದರೆ ಗಿರಾಕಿ ಸೀರೆ ಹಿಡಿದು ಅಂಗಡಿಗೆ ಬರುತ್ತಾಳೆ. ಆದರೆ ಬಣ್ಣ ಯಾಕೆ ಬಿಡುತ್ತದೆ? ನೂಲಿಗೆ ಬಣ್ಣ ಹಾಕಿದ ಮೇಲೆ, ಅಂಟದೆ ಉಳಿದ ಹೆಚ್ಚುವರಿ ಬಣ್ಣ ಹೋಗುವವರೆಗೆ ಅದನ್ನು ಬಿಸಿ ಸೋಪುನೀರಲ್ಲಿ ತೊಳೆಯಬೇಕು. ಸೌದೆಗೆ, ನೀರಿಗೆ, ಹೊತ್ತಿಗೆ ಖರ್ಚು ಬರುವ ಕೆಲಸ ಇದು. ನೀವು ಬೆಲೆ ಚೌಕಾಸಿ ಮಾಡಿದಷ್ಟೂ ಬಣ್ಣದವರು ಇದನ್ನೇ ಮೊಟಕುಗೊಳಿಸುತ್ತಾರೆ. ಆಮೇಲೆ ಮನೆಯಲ್ಲಿ ಉಪ್ಪುನೀರಿನಲ್ಲಿ ನೆನೆಸಿದರೆ ಸರಿಹೋಗುತ್ತದೆಂದು ಗಿರಾಕಿಗೆ ಹೇಳುತ್ತೀರಿ. ಕಚ್ಚಾ ಬಣ್ಣವನ್ನು ಅಡುಗೆಮನೆಯ ಉಪ್ಪು ಗಟ್ಟಿ ಮಾಡಲಾರದು. ನೀಲಿಯ ಕಥೆ ಬೇರೆ: ಒಳ್ಳೆಯ ನೀಲಿಯೂ ಮೊದಮೊದಲು ಉಜ್ಜಿದ ಕಡೆ ಹತ್ತುತ್ತದೆ, ಅದು ಎಳೆಯ ಮೇಲ್ಪದರದಲ್ಲಿ ಕೂರುವ ಬಣ್ಣ. ಅದನ್ನೂ ಹೇಳಿ ಮಾರಿದರೆ ಯಾರೂ ಬೇಸರಪಡುವುದಿಲ್ಲ.

ಬಣ್ಣದ ಪರೀಕ್ಷೆ ಅಂಗಡಿಯಲ್ಲೇ ಆಗುತ್ತದೆ. ಬಿಳಿ ಹತ್ತಿ ಬಟ್ಟೆಯ ಚೂರನ್ನು ಒದ್ದೆ ಮಾಡಿ ಒಳಅಂಚಿನ ಮೇಲಿಟ್ಟು, ಮೇಲೆ ಬಿಸಿ ಇಸ್ತ್ರಿ ಒತ್ತಿದರೆ ನಿಮಿಷದೊಳಗೆ ಉತ್ತರ ಸಿಗುತ್ತದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ತಯಾರಿಸುವ ಖಾದಿ ಸಂಘದವರಿಗೆ ಬಣ್ಣ ಎಷ್ಟು ಗಟ್ಟಿ ಎಂಬುದಕ್ಕೂ ಮಾನಕವಿದೆ. ಬಾವುಟದ ಖಾದಿಗೆ ಸಾಧ್ಯವಾದದ್ದು ಅಂಗಿಯ ಖಾದಿಗೂ ಸಾಧ್ಯ.

ಡ್ರೈ ಕ್ಲೀನಿಂಗ್ ನಿಜವಾಗಿ ಬೇಕಾದ ಬಟ್ಟೆಗಳಿವೆ, ಅದನ್ನು ಒಪ್ಪುತ್ತೇನೆ. ಮೈಸೂರಿನ ಕ್ರೇಪ್ ರೇಷ್ಮೆಯ ನೂಲಿಗೆ ಹುರಿ ಬಹಳ, ನೀರು ತಾಕಿದರೆ ಮುದುಡುತ್ತದೆ. ಬೆಳ್ಳಿ-ಬಂಗಾರದ ಜರಿಯ ಭಾರೀ ಸೀರೆ, ಒಳಗೆ ಲೈನಿಂಗ್ ಹಾಕಿದ ಉಣ್ಣೆ ಕೋಟು ಇವನ್ನು ಮನೆಯ ಬಕೆಟ್ಟಿಗೆ ಹಾಕಬಾರದು. ಅಲ್ಲಿ ‘ಡ್ರೈ ಕ್ಲೀನ್ ಓನ್ಲಿ’ ಎಂದೇ ಬರೆಯಿರಿ, ಜೊತೆಗೆ ಕಾರಣವನ್ನೂ ಬರೆಯಿರಿ. ಎಲ್ಲ ಬಟ್ಟೆಗೂ ಅದನ್ನೇ ಬರೆದಿರುವುದರಿಂದ, ನಿಜವಾಗಿ ಬೇಕಾದ ಕಡೆಯೂ ಜನ ನಿಮ್ಮ ಮಾತನ್ನು ನಂಬದಂತಾಗಿದೆ.

ಇನ್ನೊಂದನ್ನು ಮುಚ್ಚಿಡಬೇಡಿ. ಇಳಕಲ್ಲಿನಲ್ಲಿ ಸೆರಗಿಗೆ ಶುದ್ಧ ರೇಷ್ಮೆಯ ಬದಲು ಬಳಸುವ, ಚಮಕಾ ಎನ್ನುವ ಕೃತಕ ರೇಷ್ಮೆ ರೇಯಾನ್. ಅದು ಒದ್ದೆಯಾದಾಗ ಶುದ್ಧ ರೇಷ್ಮೆಗಿಂತಲೂ ದುರ್ಬಲ. ‘ಸಿಲ್ಕ್’ ಎಂದಷ್ಟೇ ಹೇಳಿ ಕೊಟ್ಟರೆ ಒಗೆಯುವವರಿಗೆ ಮೋಸವಾದಂತೆ. ಬೆಂಗಳೂರಿನಲ್ಲಿ ಪ್ರಧಾನ ಕಚೇರಿ ಇರುವ ಕೇಂದ್ರ ರೇಷ್ಮೆ ಮಂಡಳಿ 2004ರಲ್ಲಿ ಸಿಲ್ಕ್ ಮಾರ್ಕ್ ತಂದಿತು, 2006ರಲ್ಲಿ ಹ್ಯಾಂಡ್‌ಲೂಮ್ ಮಾರ್ಕ್ ಬಂತು. ಎರಡರಿಂದಲೂ ಉಪಕಾರವಾಗಿದೆ. ಅವು ನೂಲು ಯಾವುದು, ನೇಯ್ಗೆ ಯಾವುದು ಎಂಬ ಭರವಸೆ ಕೊಡುತ್ತವೆ. ಅದನ್ನು ಒಗೆಯುವುದು ಹೇಗೆಂದು ಹೇಳುವ ಹೊಣೆ ಮಾರುವವರದು.

ಇದಕ್ಕೆ ದೊಡ್ಡ ಖರ್ಚೇನಿಲ್ಲ. ಅದೇ ಚೀಟಿಯ ಮೇಲೆ ಕನ್ನಡದಲ್ಲಿ ನಾಲ್ಕು ಸಾಲು ಮುದ್ರಿಸಿ. ಒಡಲು ಹತ್ತಿ, ಸೆರಗು ಚಮಕಾ. ಬಣ್ಣ ಪರೀಕ್ಷಿಸಿದ್ದೇವೆ. ತಣ್ಣೀರಲ್ಲಿ ಬೇರೆಯಾಗಿ ಒಗೆಯಿರಿ, ಒದ್ದೆ ಸೀರೆಯನ್ನು ಮಡಚಿ ಇಡಬೇಡಿ, ಸೆರಗು ಕೆಳಬರುವಂತೆ ನೆರಳಲ್ಲಿ ಒಣಹಾಕಿ. ಗಂಜಿ ಹಾಕಿದ್ದರೆ ದೀರ್ಘಕಾಲ ಎತ್ತಿಡುವ ಮುನ್ನ ತೊಳೆದು ತೆಗೆಯಿರಿ, ಹುಳು ಬರುವುದು ಗಂಜಿಗೆ. ಪ್ಲಾಸ್ಟಿಕ್ ಕವರು ಬೇಡ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ನಿಮ್ಮ ಹುಡುಗರು ಬಿಲ್ ಮಾಡುವಾಗ ಇದನ್ನು ಬಾಯಿಯಲ್ಲೂ ಹೇಳಲಿ. ತೊಳೆದೊಣಗಿಸಿದ ಬಟ್ಟೆಯೊಂದನ್ನು ಹೊಸದರ ಪಕ್ಕದಲ್ಲಿ ನೇತುಹಾಕಿ ತೋರಿಸಿದರಂತೂ ಮಾತೇ ಬೇಡ.

ಪ್ರತಿ ವರ್ಷ ಆಗಸ್ಟ್ 7ರಂದು ರಾಷ್ಟ್ರೀಯ ಕೈಮಗ್ಗ ದಿನಕ್ಕೆ ನೀವು ಮಳಿಗೆಯ ಮುಂದೆ ಬ್ಯಾನರ್ ಕಟ್ಟುತ್ತೀರಿ, ರಿಯಾಯಿತಿ ಕೊಡುತ್ತೀರಿ. ಮುಂದಿನ ಆಗಸ್ಟಿನೊಳಗೆ ಈ ಚೀಟಿ ಬದಲಿಸಿ. ಇದನ್ನು ಓದುತ್ತಿರುವ ಗಿರಾಕಿಗಳಲ್ಲೂ ನನ್ನ ಕೋರಿಕೆ ಇಷ್ಟೇ: ದುಡ್ಡು ಕೊಡುವ ಮುನ್ನ ‘ಇದನ್ನು ಮನೆಯಲ್ಲಿ ಹೇಗೆ ಒಗೆಯುವುದು’ ಎಂದು ಕೇಳಿ, ಉತ್ತರ ಗೊತ್ತಿರುವ ಅಂಗಡಿಯಲ್ಲೇ ಕೊಳ್ಳಿ.

ಇಂತಿ,
ಕೈಮಗ್ಗದ ಬಟ್ಟೆ ಉಡುವ, ಮನೆಯಲ್ಲೇ ಒಗೆಯುವ ನಿಮ್ಮ ಗಿರಾಕಿ